ಕೆಲಸ ಬೆಂಗಳೂರಲ್ಲಿ, ಮನೆ ಯಾವ ಊರಲ್ಲಿ? ರಾಮನಗರ, ತುಮಕೂರು, ಮಾಲೂರು, ಬಂಗಾರಪೇಟೆ, ಹೊಸೂರು

ಎಂಎಸ್ ಬಿಲ್ಡಿಂಗ್:
ನಮಸ್ಕಾರ. ಗಂಡ ಹೆಂಡತಿ ಇಬ್ಬರಿಗೂ ಕೆಲಸ ಬೆಂಗಳೂರಲ್ಲಿ. ನನಗೆ ವಿಧಾನಸೌಧದ ಹತ್ತಿರದ ಸರ್ಕಾರಿ ಕಚೇರಿ ಕಟ್ಟಡ ಎಂ.ಎಸ್. ಬಿಲ್ಡಿಂಗ್, 10ರಿಂದ 5.30. ಮನೆಯವರಿಗೆ ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಐಟಿಪಿಎಲ್ ಪಕ್ಕ, 9.30ರಿಂದ 6.30, ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಲೇಬೇಕು. ಮಗು ಮುಂದಿನ ವರ್ಷ ಒಂದನೇ ಕ್ಲಾಸಿಗೆ. ಬಾಡಿಗೆ 12 ಸಾವಿರದೊಳಗೆ ಎರಡು ಬೆಡ್‌ರೂಮಿನ ಮನೆ ಬೇಕು, ಆಮೇಲೆ ಅಲ್ಲೇ ಒಂದು ಸೈಟು ಮಾಡೋ ಯೋಚನೆಯೂ ಇದೆ. ಕೆಲವರು ರಾಮನಗರ ಅಂತಾರೆ, ಕೆಲವರು ತುಮಕೂರು, ಒಬ್ಬರು ಹೊಸೂರು. ಯಾವ ಊರು ಸರಿ?

ಔಟರ್ ಸಿಗ್ನಲ್:
ಊರಿನ ಹೆಸರು ಆಮೇಲೆ ನೋಡೋಣ. ಆಫೀಸಿನ ಬಾಗಿಲಿಂದ ಶುರು ಮಾಡಿ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಬಾಗಿಲಿಂದ ಮೆಟ್ರೊಗೆ ನಡಿಗೆ ಎಷ್ಟು, ಮೆಟ್ರೊದಲ್ಲಿ ಎಷ್ಟು, ಮೆಟ್ರೊದಿಂದ ರೈಲ್ವೆ ಪ್ಲಾಟ್‌ಫಾರ್ಮಿಗೆ ಎಷ್ಟು, ಗಾಡಿ ಎಷ್ಟು ಹೊತ್ತು, ಇಳಿದ ಮೇಲೆ ಮನೆಗೆ ಎಷ್ಟು. ಈ ಐದನ್ನೂ ಕೂಡಿಸಿ, ಅದರ ಮೇಲೆ ಹತ್ತು ನಿಮಿಷ ಕಾಯುವುದಕ್ಕೆ ಸೇರಿಸಿ. ಬರುವ ಮೊತ್ತ ನಿಮ್ಮ ನಿಜವಾದ ದೂರ. ಗೂಗಲ್ ತೋರಿಸುವ ಕಿಲೋಮೀಟರು ಇದರಲ್ಲಿ ಯಾವುದಕ್ಕೂ ಬರುವುದಿಲ್ಲ.

ನಿಮ್ಮ ವಿಷಯದಲ್ಲಿ ಒಂದು ಅನುಕೂಲ ಇದೆ. ಎಂ.ಎಸ್. ಬಿಲ್ಡಿಂಗಿಗೆ ವಿಧಾನಸೌಧ ಮೆಟ್ರೊ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ, ಐಟಿಪಿಎಲ್‌ಗೆ ಪಟ್ಟಂದೂರು ಅಗ್ರಹಾರ ನಿಲ್ದಾಣ. ಎರಡೂ ನೇರಳೆ ಮಾರ್ಗ, ನಡುವೆ ಗಾಡಿ ಬದಲಿಸುವ ಕೆಲಸವಿಲ್ಲ. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ (ಕಾಡುಗೋಡಿ) ತನಕ ಒಂದೇ ಗಾಡಿ. ಹಾಗಾಗಿ ಆರಿಸಬೇಕಾದ್ದು ಆ ಮಾರ್ಗದ ಯಾವ ತುದಿ ಅಂತ: ಪಡುವಣಕ್ಕೆ ಕೆಂಗೇರಿ-ಬಿಡದಿ-ರಾಮನಗರ, ಮೂಡಣಕ್ಕೆ ವೈಟ್‌ಫೀಲ್ಡ್-ಮಾಲೂರು-ಬಂಗಾರಪೇಟೆ.

ರಾಮನಗರದಿಂದ ನಿಮ್ಮ ಮನೆಯವರ ಲೆಕ್ಕ: ಮನೆಯಿಂದ ನಿಲ್ದಾಣ 15, ಕಾಯೋದು 10, ಬೆಂಗಳೂರು ಸಿಟಿಗೆ ಗಾಡಿ 50ರಿಂದ 60, ಮೆಜೆಸ್ಟಿಕ್ ಮೆಟ್ರೊಗೆ ನಡಿಗೆ 10, ಪಟ್ಟಂದೂರು ಅಗ್ರಹಾರಕ್ಕೆ 50ರ ಸುಮಾರು, ಕೊನೆಗೆ 10. ಎರಡೂವರೆ ಗಂಟೆ, ಅದೂ ಒಂದು ಕಡೆಗೆ. ವಾರಕ್ಕೆ ಮೂರೇ ದಿನ ಅಂದರೂ ಕಷ್ಟ. ತುಮಕೂರಿಂದ ಅದಕ್ಕಿಂತ ಹೆಚ್ಚು. ಬರೀ ಎಂ.ಎಸ್. ಬಿಲ್ಡಿಂಗ್ ಆಗಿದ್ದರೆ ರಾಮನಗರ ಒಳ್ಳೆ ಆಯ್ಕೆ. ಎರಡನೇ ಕೆಲಸ ಬಂದ ಮೇಲೆ ಚಿತ್ರವೇ ಬೇರೆ.

ಬೌರಿಂಗ್‌ಪೇಟೆ:
ಅದೇ ಲೆಕ್ಕ ನಮ್ಮ ಬಂಗಾರಪೇಟೆ ಕಡೆಯಿಂದ ಹಾಕಿ. ಮಾಲೂರು-ವೈಟ್‌ಫೀಲ್ಡ್ ಮೆಮುವಿನಲ್ಲಿ (ಕರೆಂಟಲ್ಲಿ ಓಡೋ ಲೋಕಲ್ ರೈಲು) 25-30 ನಿಮಿಷ. ವೈಟ್‌ಫೀಲ್ಡ್ ರೈಲ್ವೆ ನಿಲ್ದಾಣದ ಪಕ್ಕದಲ್ಲೇ ಕಾಡುಗೋಡಿ ಮೆಟ್ರೊ. ಅಲ್ಲಿಂದ ಹೋಪ್‌ಫಾರ್ಮ್ ಚನ್ನಸಂದ್ರ, ಕಾಡುಗೋಡಿ ಟ್ರೀ ಪಾರ್ಕ್, ಪಟ್ಟಂದೂರು ಅಗ್ರಹಾರ, ಮೂರನೇ ನಿಲ್ದಾಣ. ಮನೆಯವರಿಗೆ ಬಾಗಿಲಿಂದ ಬಾಗಿಲಿಗೆ ಒಂದು ಗಂಟೆ ಹತ್ತು ನಿಮಿಷ. ನೀವು ಅದೇ ಗಾಡಿಯಲ್ಲಿ ಕೂತಿದ್ದು ಕಂಟೋನ್ಮೆಂಟಲ್ಲಿ ಇಳಿದು ಬಸ್ಸೋ ಆಟೋನೋ ಹಿಡಿದರೆ ನೂರು ನಿಮಿಷದೊಳಗೆ ಆಫೀಸು. ಬಂಗಾರಪೇಟೆ ಆದರೆ ಇಬ್ಬರಿಗೂ ಇನ್ನೊಂದು 25-30 ನಿಮಿಷ ಸೇರಿಸಿ.

ಕೆಲವು ವಿಷಯ ಮೊದಲೇ ಗೊತ್ತಿರಲಿ. ಮೆಮುಗಳು ವೈಟ್‌ಫೀಲ್ಡಲ್ಲಿ ನಿಲ್ಲುತ್ತವೆ, ಎಕ್ಸ್‌ಪ್ರೆಸ್‌ಗಳಲ್ಲಿ ಎಲ್ಲವೂ ನಿಲ್ಲಲ್ಲ. ಅವು ಹೆಚ್ಚಾಗಿ ಕೆ.ಆರ್. ಪುರಂ, ಕಂಟೋನ್ಮೆಂಟ್ ನೋಡಿಕೊಂಡು ಹೋಗ್ತವೆ. ಎಕ್ಸ್‌ಪ್ರೆಸ್ ಸಿಕ್ಕ ದಿನ ಕೆ.ಆರ್. ಪುರಂನಲ್ಲಿ ಇಳಿದು ಮೆಟ್ರೊದಲ್ಲಿ ಹಿಂದಕ್ಕೆ ಬರಬೇಕು. ಎರಡನೆಯದು, ಗಾಡಿ ಎಲ್ಲಿ ಮುಗಿಯುತ್ತೆ ಅಂತ ನೋಡಿ. ಸರ್ ಎಂ.ವಿ. ಟರ್ಮಿನಲ್‌ಗೆ ಹೋಗುವ ಗಾಡಿ ಕಂಟೋನ್ಮೆಂಟ್ ಮುಟ್ಟಲ್ಲ, ಆ ಟರ್ಮಿನಲ್‌ನಿಂದ ಬೈಯಪ್ಪನಹಳ್ಳಿ ಮೆಟ್ರೊಗೆ ಮತ್ತೆ ಬಸ್ಸು ಹಿಡಿಯಬೇಕು.

ಸೀಟಿನ ವಿಷಯ: ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನಕ್ಕೆ ಬೆಂಗಳೂರೇ ದಿಕ್ಕು. ಮಾರಿಕುಪ್ಪಂನಿಂದ ಹೊರಡುವ ಗಾಡಿ ಬಂಗಾರಪೇಟೆಗೆ ಬರೋ ಹೊತ್ತಿಗೇ ತುಂಬಿರುತ್ತೆ. ಮಾಲೂರಲ್ಲಿ ಸೀಟು ಕೇಳಬೇಡಿ, ನಿಲ್ಲೋ ಜಾಗ ಸಿಕ್ಕರೆ ಸಾಕು. ಬಂಗಾರಪೇಟೆಯಿಂದಲೇ ಹೊರಡುವ ಗಾಡಿ ಹಿಡಿಯೋರಿಗೆ ಮಾತ್ರ ಕೂರೋ ಯೋಗ. ಒಟ್ಟಿನಲ್ಲಿ ಮಾಲೂರು ಅಂದರೆ ಅರ್ಧ ಗಂಟೆ ನಿಂತುಕೊಂಡು, ಬಂಗಾರಪೇಟೆ ಅಂದರೆ ಒಂದು ಗಂಟೆ ಕೂತುಕೊಂಡು. ಯಾವುದು ಬೇಕೋ ನೀವೇ ನೋಡಿ.

ತಟ್ಟೆ ಇಡ್ಲಿ ತುಮಕೂರು:
ತುಮಕೂರನ್ನ ಒಂದೇ ಸಾಲಲ್ಲಿ ಮುಗಿಸಿಬಿಟ್ರಲ್ಲ ಸರ್! ಪ್ರಶ್ನೆ ಕೇಳಿದವರಿಗೆ ಸರಿಹೋಗಲ್ಲ ಅನ್ನೋದು ಒಪ್ಪಿದೆ. ಆದರೆ ಪೀಣ್ಯ, ಯಶವಂತಪುರ, ರಾಜಾಜಿನಗರ, ಮಲ್ಲೇಶ್ವರದ ಕೆಲಸದವರು ಇದನ್ನ ಓದ್ತಿದ್ದರೆ ಅವರಿಗಾಗಿ ಬರೀತೀನಿ.

ತುಮಕೂರಿಗೆ ಜೋಡಿ ಹಳಿ ಇದೆ, ಸುಮಾರು 70 ಕಿ.ಮೀ. ಹುಬ್ಬಳ್ಳಿ, ಶಿವಮೊಗ್ಗ ಕಡೆಯ ಎಕ್ಸ್‌ಪ್ರೆಸ್‌ಗಳೂ ಸಿಗ್ತವೆ, ಮೆಮುನೂ ಇದೆ. ಯಶವಂತಪುರದಲ್ಲಿ ಇಳಿದರೆ ಹಸಿರು ಮಾರ್ಗ ಪಕ್ಕದಲ್ಲೇ. ಬಸ್ಸಲ್ಲಿ ಬರೋರು ಮೆಜೆಸ್ಟಿಕ್ ತನಕ ಕೂರೋದು ದಡ್ಡತನ. 2024ರ ನವೆಂಬರ್‌ನಿಂದ ಹಸಿರು ಮಾರ್ಗ ಮಾದಾವರದ ತನಕ ಬಂದಿದೆ. ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೊ ಹತ್ತಿ. ಮಾದಾವರದಲ್ಲೋ ನಾಗಸಂದ್ರದಲ್ಲೋ ಇಳಿಸ್ತಾರಾ ಅಂತ ಹತ್ತುವಾಗಲೇ ಕಂಡಕ್ಟರ್ ಹತ್ರ ಕೇಳಿಕೊಳ್ಳಿ, ಎಲ್ಲ ಬಸ್ಸೂ ನಿಲ್ಲಿಸಲ್ಲ.

ಇನ್ನು ಊರು ಅಂದರೆ ಊರು. ಮಹಾನಗರ ಪಾಲಿಕೆ, ಮೆಡಿಕಲ್ ಕಾಲೇಜು, ವಿಶ್ವವಿದ್ಯಾಲಯ, ಬೇಕಾದಷ್ಟು ಶಾಲೆ. ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು. ಮಾಲೂರಲ್ಲಿ ರಾತ್ರಿ ಹತ್ತಕ್ಕೆ ಮಗೂಗೆ ಜ್ವರ ಬಂದರೆ ಎಲ್ಲಿಗೆ ಹೋಗ್ತೀರಿ ಅಂತಾನೂ ಯೋಚನೆ ಮಾಡಿ.

ಬೌರಿಂಗ್‌ಪೇಟೆ:
ಮಾಲೂರಿಂದ ವೈಟ್‌ಫೀಲ್ಡ್ ಆಸ್ಪತ್ರೆಗಳಿಗೆ ಕಾರಲ್ಲಿ ಮುಕ್ಕಾಲು ಗಂಟೆಯ ಸುಮಾರು. ರಾತ್ರಿ ಹತ್ತಕ್ಕೆ ಟ್ರಾಫಿಕ್ಕೂ ಇರಲ್ಲ. ಅದು ಬಿಟ್ಟು ಹೇಳೋದಾದರೆ ಊರು ಚಿಕ್ಕದು ಅನ್ನೋದು ನಿಜ.

ಎಂಎಸ್ ಬಿಲ್ಡಿಂಗ್:
ಪಾಸಿನ ಲೆಕ್ಕ ಹೇಗೆ? ಮನೆಯವರು ಮೂರೇ ದಿನ ಹೋಗೋದು, ಅವರಿಗೂ ತಿಂಗಳ ಪಾಸು ಮಾಡಿಸಬೇಕಾ?

ಔಟರ್ ಸಿಗ್ನಲ್:
ಮಾಡಿಸಿ. ಎರಡನೇ ದರ್ಜೆಯ ತಿಂಗಳ ಪಾಸಿನ ದರ ಸುಮಾರು 15 ಒಂಟಿ ಪ್ರಯಾಣದ ಟಿಕೆಟ್ಟಿನಷ್ಟು. ವಾರಕ್ಕೆ ಮೂರು ದಿನ ಅಂದರೆ ತಿಂಗಳಿಗೆ 13 ದಿನ, 26 ಪ್ರಯಾಣ. ಎಂಟನೇ ದಿನಕ್ಕೇ ಪಾಸಿನ ದುಡ್ಡು ಹುಟ್ಟಿತು. ಮೂರು ತಿಂಗಳ ಪಾಸು ತೆಗೆದರೆ ಇನ್ನೂ ಸ್ವಲ್ಪ ಉಳಿತಾಯ. 150 ಕಿ.ಮೀ. ತನಕ ಪಾಸು ಕೊಡ್ತಾರೆ, ಮೈಸೂರು ಕೂಡ ಅದರೊಳಗೇ ಬರುತ್ತೆ.

ಎಡವೋದು ಮೂರು ಕಡೆ. ಒಂದು, ಪಾಸಿದೆ ಅಂತ ಸ್ಲೀಪರ್ ಬೋಗಿಗೋ ರಿಸರ್ವೇಶನ್ ಇರೋ ಚೇರ್ ಕಾರಿಗೋ ಹತ್ತೋದು. ಪಾಸು ನಡೆಯೋದು ಜನರಲ್ ಬೋಗಿಯಲ್ಲಿ, ಉಳಿದದ್ದರಲ್ಲಿ ದಂಡ. ಶತಾಬ್ದಿ, ವಂದೇ ಭಾರತ್ ಮರೆತುಬಿಡಿ. ಎರಡು, ಸೂಪರ್‌ಫಾಸ್ಟ್. ನಂಬರು 12, 20, 22ರಿಂದ ಶುರುವಾದರೆ ಅದು ಸೂಪರ್‌ಫಾಸ್ಟ್, ಅದಕ್ಕೆ ಪಾಸಿನ ಮೇಲೆ ಬೇರೆ ಸರ್‌ಚಾರ್ಜ್ ಕಟ್ಟಿರಬೇಕು. 6ರಿಂದ ಶುರುವಾದರೆ ಮೆಮು, ಏನೂ ತೊಂದರೆ ಇಲ್ಲ. ಮೂರು, ಪಾಸು ಎಲ್ಲಿಂದ ಎಲ್ಲಿಗೆ ಬರೆಸ್ತೀರಿ ಅನ್ನೋದು. ಕಂಟೋನ್ಮೆಂಟ್ ತನಕ ಬರೆಸಿ ಒಂದು ದಿನ ಸಿಟಿ ತನಕ ಹೋದರೆ ಆ ತುಂಡಿಗೆ ಟಿಕೆಟ್ ಇಲ್ಲದ ಪ್ರಯಾಣ ಅಂತಾಗುತ್ತೆ. ದೂರದ ನಿಲ್ದಾಣಕ್ಕೇ ಬರೆಸಿ, ವ್ಯತ್ಯಾಸ ಅಷ್ಟಿರಲ್ಲ. ಗುರುತಿನ ಚೀಟಿ ಜೇಬಲ್ಲಿರಲಿ.

ದುಡ್ಡು ಸೋರೋದು ರೈಲಲ್ಲಿ ಅಲ್ಲ, ಮೆಟ್ರೊದಲ್ಲಿ. 2025ರ ಫೆಬ್ರುವರಿ ಪರಿಷ್ಕರಣೆಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ತುದಿಯಿಂದ ತುದಿಗೆ ದಿನಾ ಹೋಗಿ ಬರೋರಿಗೆ 22 ದಿನಕ್ಕೆ 3,960 ರೂಪಾಯಿ, ಸ್ಮಾರ್ಟ್ ಕಾರ್ಡಿನ ಶೇ 5 ಕಳೆದರೂ 3,762. ಅದಕ್ಕೇ ಹೇಳೋದು, ಉದ್ದದ ದೂರ ರೈಲಲ್ಲಿ ಮುಗಿಸಿ, ಮೆಟ್ರೊವನ್ನ ಕೊನೆಯ ಮೂರು ನಾಲ್ಕು ನಿಲ್ದಾಣಕ್ಕೆ ಇಟ್ಟುಕೊಳ್ಳಿ.

ಲೇಡೀಸ್ ಬೋಗಿ:
ಎಲ್ಲರೂ ಬೆಳಗಿನ ಗಾಡಿ ಬಗ್ಗೆ ಮಾತಾಡ್ತಿದ್ದೀರಿ. ಊರು ಆರಿಸಬೇಕಾದ್ದು ಸಂಜೆಯ ಗಾಡಿ ನೋಡಿ. ಬೆಳಗ್ಗೆ ಎಲ್ಲರೂ ಹೊತ್ತಿಗೆ ಸರಿಯಾಗಿ ಹೊರಡ್ತಾರೆ, ಸಂಜೆ ಮೀಟಿಂಗು ಮುಗಿಯೋದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ವೇಳಾಪಟ್ಟಿ ತೆಗೆದು ಸಂಜೆ 5.30ರಿಂದ ರಾತ್ರಿ 10ರ ತನಕ ನಿಮ್ಮ ಊರಲ್ಲಿ ನಿಲ್ಲೋ ಗಾಡಿಗಳನ್ನು ಮಾತ್ರ ಬರೆದುಕೊಳ್ಳಿ. ನಡುವೆ ಒಂದೂವರೆ ಗಂಟೆಗಿಂತ ದೊಡ್ಡ ಖಾಲಿ ಇದ್ದರೆ, ಆ ಖಾಲಿಯಲ್ಲಿ ಬಸ್ಸಿದೆಯಾ ಅಂತ ನೋಡಿ. ಅದೂ ಇಲ್ಲದಿದ್ದರೆ ಆ ಊರು ಬೇಡ. 6.30ಕ್ಕೆ ಆಫೀಸು ಬಿಡೋರು ವೈಟ್‌ಫೀಲ್ಡ್ ರೈಲ್ವೆ ಪ್ಲಾಟ್‌ಫಾರ್ಮ್ ಮುಟ್ಟೋದು ಏಳರ ಮೇಲೆ. ಅದಾದ ಮೇಲೆ ಎರಡು ಗಾಡಿಯಾದರೂ ಇರಬೇಕು. ಒಂದೇ ಇದ್ದರೆ ಅದು ತಪ್ಪಿದ ದಿನ ಗತಿ ಏನು?

ಭಾನುವಾರ ಕೆಲವು ಮೆಮು ಓಡಲ್ಲ. ಹಳಿ ಕೆಲಸ ಅಂತ ಲೈನ್ ಬ್ಲಾಕ್ ತಗೊಂಡರೆ ಮೊದಲು ರದ್ದಾಗೋದೂ ಮೆಮುವೇ. ನೈರುತ್ಯ ರೈಲ್ವೆ ಹಿಂದಿನ ದಿನ ಪ್ರಕಟಣೆ ಕೊಡುತ್ತೆ, ಅದನ್ನ ನೋಡೋ ಅಭ್ಯಾಸ ಇಟ್ಟುಕೊಳ್ಳಿ. ಕಂಟೋನ್ಮೆಂಟ್-ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಮಾಡೋ ಕೆಲಸ ಶುರುವಾದ ಮೇಲೆ ಇಂಥ ದಿನಗಳು ಹೆಚ್ಚು.

ಹೆಂಗಸರಿಗೆ ಇನ್ನೊಂದು. ರಾತ್ರಿ ಎಂಟೂವರೆಗೆ ನಿಲ್ದಾಣದಿಂದ ಮನೆಗೆ ಹೋಗೋ ದಾರಿಯನ್ನ ಹಗಲಲ್ಲಿ ನೋಡಿ ಒಪ್ಪಬೇಡಿ, ಆ ಹೊತ್ತಿಗೇ ನಡೆದು ನೋಡಿ. ಬೀದಿದೀಪ ಇದೆಯಾ, ಅಂಗಡಿ ತೆರೆದಿರುತ್ತಾ, ಆಟೋ ಸ್ಟ್ಯಾಂಡಲ್ಲಿ ಆಗ ಗಾಡಿ ಇರುತ್ತಾ. ರೈಲಲ್ಲಿ ಏನೇ ತೊಂದರೆ ಆದರೂ 139.

ಮಗು ವಿಷಯ ಯಾರೂ ಎತ್ತಲಿಲ್ಲ. ಶಾಲೆ ಬಿಡೋದು ಮೂರೂವರೆಗೆ, ಅಪ್ಪ ಅಮ್ಮ ಮನೆ ಸೇರೋದು ಎಂಟಕ್ಕೆ. ಇಬ್ಬರೂ ಬೆಂಗಳೂರಲ್ಲಿ ಇರೋ ಮೂರು ದಿನ, ಶಾಲೆಯಿಂದ ಫೋನ್ ಬಂದರೆ ಒಂದು ಗಂಟೆಯೊಳಗೆ ಬರೋರು ಯಾರು? ಅಜ್ಜಿ ತಾತ ಜೊತೆಗಿದ್ದರೆ ಸರಿ. ಇಲ್ಲದಿದ್ದರೆ ಮನೆಯವರು ಮನೆಯಲ್ಲೇ ಕೆಲಸ ಮಾಡೋ ಎರಡು ದಿನ ಬಿಟ್ಟು ಉಳಿದ ಮೂರು ದಿನಕ್ಕೆ ಡೇ ಕೇರ್ ಬೇಕು. ಚಿಕ್ಕ ಊರಲ್ಲಿ ಬಾಡಿಗೆ ಮನೆ ಹುಡುಕೋದಕ್ಕಿಂತ ಎಂಟು ಗಂಟೆ ತನಕ ತೆರೆದಿರೋ ಡೇ ಕೇರ್ ಹುಡುಕೋದು ಕಷ್ಟ. ಅದು ಸಿಕ್ಕ ಮೇಲೆ ಅದರ ಹತ್ತಿರ ಮನೆ ನೋಡಿ.

ಮದ್ದೂರ್ ವಡೆ:
ರಾಮನಗರ ಬ್ಯಾಡ ಅಂದ್ರಿ, ಸರಿ. ಆದ್ರೆ ಮೈಸೂರು ಲೈನ್ ಅಂದ್ರೆ ಬರೀ ರಾಮನಗರ ಅಲ್ಲ ಕಣಣ್ಣ. ಚನ್ನಪಟ್ಟಣ, ಮದ್ದೂರು, ಮಂಡ್ಯದಿಂದ ಚಾಮುಂಡಿ ಎಕ್ಸ್‌ಪ್ರೆಸ್ಸಲ್ಲಿ ವರ್ಷಾನುಗಟ್ಟಲೆ ಸರ್ಕಾರಿ ನೌಕರರು ಓಡಾಡ್ತಾವ್ರೆ. ಬೆಳಗ್ಗೆ ಆಫೀಸ್ ಟೈಮಿಗೆ ಸಿಟಿ, ಸಂಜೆ ಆರರ ಮೇಲೆ ವಾಪಸ್. ಜೋಡಿ ಹಳಿ, ಕರೆಂಟ್ ಎರಡೂ ಅವೆ. ಎಂ.ಎಸ್. ಬಿಲ್ಡಿಂಗ್ ಒಂದೇ ಆಗಿದ್ರೆ ಮಂಡ್ಯನೇ ಹೇಳ್ತಿದ್ದೆ, ಕಾವೇರಿ ನೀರು ಬ್ಯಾರೆ.

ಕಾರು ಇಟ್ಕೊಂಡು ಎಕ್ಸ್‌ಪ್ರೆಸ್‌ವೇಲಿ ಹೋಗ್ತೀನಿ ಅನ್ನೋರಿಗೆ ಒಂದು ಲೆಕ್ಕ. 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸು ಬಂತು, ಆಗ 3,000 ರೂಪಾಯಿಗೆ 200 ಸಲ ಇಲ್ಲಾಂದ್ರೆ ಒಂದು ವರ್ಷ, ಯಾವುದು ಮೊದ್ಲೋ ಅದು. ರಾಮನಗರದಿಂದ ಹೋಗಿ ಬಂದ್ರೆ ದಿನಕ್ಕೆ ಎರಡು ಸಲ ಟೋಲ್ ದಾಟ್ತೀರಿ, ತಿಂಗಳಿಗೆ 44. ನಾಕೂವರೆ ತಿಂಗಳಿಗೆ ಪಾಸು ಖಾಲಿ. ವರ್ಷದ ಪಾಸು ಅಂತ ಹೆಸರಷ್ಟೇ, ಆದ್ರೂ ಆ ದರದಲ್ಲಿ ತಿಂಗಳಿಗೆ 660 ರೂಪಾಯಿ ಅಂದ್ರೆ ಅಗ್ಗಾನೇ. ತುಮಕೂರು ರೋಡಲ್ಲಿ ಒಂದಕ್ಕಿಂತ ಹೆಚ್ಚು ಟೋಲ್ ಇರೋದ್ರಿಂದ ಇನ್ನೂ ಬೇಗ ಮುಗೀತದೆ. ನೈಸ್ ರೋಡಿಗೆ ಈ ಪಾಸು ನಡೆಯಲ್ಲ. ಬೈಕಿನೋರು ಎಕ್ಸ್‌ಪ್ರೆಸ್‌ವೇ ಕನಸು ಬುಟ್ಬುಡಿ, 2023ರ ಆಗಸ್ಟ್ 1ರಿಂದ ಮೇನ್ ರೋಡಿಗೆ ಎರಡು ಚಕ್ರ, ಮೂರು ಚಕ್ರ ಬುಡಲ್ಲ. ಸರ್ವಿಸ್ ರೋಡು ರೈಲ್ವೆ ಸೇತುವೆ ಬಂದ ಕಡೆ ಕಿತ್ತೋಗದೆ.

ತಟ್ಟೆ ಇಡ್ಲಿ ತುಮಕೂರು:
ಮಂಡ್ಯಕ್ಕೆ ಓಟು ಹಾಕಿಸೋಕೆ ವಡೆ ಹೆಸರಿಟ್ಟುಕೊಂಡು ಬಂದಿದ್ದೀರಿ ಅಂತ ಗೊತ್ತಾಯ್ತು.

ಮದ್ದೂರ್ ವಡೆ:
ನೀವು ಇಡ್ಲಿ ಇಟ್ಕೊಂಡು ಬಂದಿಲ್ವಾ!

ಅತ್ತಿಬೆಲೆ ಗಡಿ:
ಹೊಸೂರಿನ ಬಗ್ಗೆ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿಯಲ್ಲಿ ಕೆಲಸ ಇದ್ದರೆ ಮಾತ್ರ ನೋಡಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಶುರುವಾದ ಮೇಲೆ ಜಯನಗರ ಕಡೆಯವರಿಗೂ ಆದೀತು. ಐಟಿಪಿಎಲ್‌ಗೆ, ವಿಧಾನಸೌಧಕ್ಕೆ ಹೊಸೂರು ಬೇಡ.

ಮಗು ಇದೆ ಅಂದಿದ್ದಕ್ಕೆ ಇನ್ನೊಂದು ಮಾತು. ಗಡಿ ದಾಟಿದರೆ ಶಾಲೆಯ ನಿಯಮ ತಮಿಳುನಾಡಿನದು. ಅಲ್ಲಿ 2006ರ ಕಾಯ್ದೆ ಪ್ರಕಾರ ತಮಿಳು ಕಲಿಯಲೇಬೇಕು. ನಾಲ್ಕು ವರ್ಷ ಬಿಟ್ಟು ಬೆಂಗಳೂರಿಗೆ ವಾಪಸ್ ಬಂದರೆ ಇಲ್ಲಿ 2015ರ ಕಾಯ್ದೆ ಪ್ರಕಾರ ಕನ್ನಡ. ಮುಂದೆ ಕರ್ನಾಟಕ ಸಿಇಟಿ ಸೀಟಿಗೆ ಸಾಮಾನ್ಯ ಅರ್ಹತೆ ಅಂದರೆ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಬಾಡಿಗೆ ಎರಡು ಸಾವಿರ ಕಡಿಮೆ ಅಂತ ಗಡಿ ದಾಟುವವರು ಈ ಏಳು ವರ್ಷವನ್ನ ಈಗಲೇ ಎಣಿಸಿಕೊಳ್ಳಲಿ. ಅತ್ತಿಬೆಲೆ, ಆನೇಕಲ್ ಕಡೆ ಇದ್ದರೆ ಈ ರಗಳೆ ಇಲ್ಲ, ಬಿಎಂಟಿಸಿಯೂ ಬರುತ್ತೆ.

ಔಟರ್ ಸಿಗ್ನಲ್:
ಉಳಿದ ಊರುಗಳನ್ನೂ ಎರಡೆರಡು ಮಾತಲ್ಲಿ ಮುಗಿಸ್ತೀನಿ. ಕೋಲಾರ: ರೈಲು ನೆಚ್ಚಬೇಡಿ, ಬಂಗಾರಪೇಟೆ ಸುತ್ತಿಕೊಂಡು ಅಥವಾ ಚಿಕ್ಕಬಳ್ಳಾಪುರ ಸುತ್ತಿಕೊಂಡು ಬರುವ ಒಂಟಿ ಹಳಿ. ಆದರೆ ಹೆದ್ದಾರಿಯಲ್ಲಿ ಬಸ್ಸು ಬೇಕಾದಷ್ಟು, ಕೆ.ಆರ್. ಪುರಂನಲ್ಲಿ ಇಳಿದರೆ ನೇರಳೆ ಮಾರ್ಗ. ಚಿಕ್ಕಬಳ್ಳಾಪುರ: ಇದೂ ಒಂಟಿ ಹಳಿ, ಎದುರು ಗಾಡಿಗೆ ಕ್ರಾಸಿಂಗ್ ಕಾದರೆ ಹೊತ್ತು ಹೋಗುತ್ತೆ. ವಿಮಾನ ನಿಲ್ದಾಣ, ದೇವನಹಳ್ಳಿ, ಯಲಹಂಕದ ಕೆಲಸಕ್ಕೆ ಚೆನ್ನ. ದೊಡ್ಡಬಳ್ಳಾಪುರ: ಯಲಹಂಕ, ಹೆಬ್ಬಾಳದವರಿಗೆ. ನೆಲಮಂಗಲ: ಹೆಸರು ನೋಡಿ ರೈಲಿದೆ ಅಂತ ಹೋಗಬೇಡಿ. ಆ ನಿಲ್ದಾಣ ಇರೋದು ಹಾಸನದ ಮಾರ್ಗದಲ್ಲಿ, ತುಮಕೂರಿನ ಗಾಡಿಗಳು ಅಲ್ಲಿಗೆ ಬರಲ್ಲ. ಅದು ಬಸ್ಸಿನ ಊರು. ಹೊಸಕೋಟೆಗೆ ರೈಲೇ ಇಲ್ಲ.

ಬಸ್ಸು ಅಂದ ಮೇಲೆ ಶಕ್ತಿ ಯೋಜನೆ. 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸು, ವೇಗದೂತ ಉಚಿತ. ರಾಜಹಂಸ, ಐರಾವತಕ್ಕೆ ಇಲ್ಲ. ಬಾಡಿಗೆಯ ಲೆಕ್ಕದಲ್ಲಿ ಇದನ್ನೂ ಸೇರಿಸಿ, ಆದರೆ ಬೆಳಗ್ಗೆ ಏಳಕ್ಕೆ ಸೀಟು ಸಿಗುತ್ತೆ ಅಂತ ಲೆಕ್ಕ ಹಾಕಬೇಡಿ.

ಉಪನಗರ ರೈಲು ಬರುತ್ತೆ ಅಂತ ಹೇಳಿ ಯಾರಾದರೂ ಮನೆ ತೋರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. 148 ಕಿ.ಮೀ., ನಾಲ್ಕು ಕಾರಿಡಾರ್, 2020ರಲ್ಲಿ ಒಪ್ಪಿಗೆ, 2022ರ ಜೂನಲ್ಲಿ ಶಂಕುಸ್ಥಾಪನೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೆಸರು ಚೆಂದ ಇದೆ. ನಿಮ್ಮ ಕಡೆಗೆ ಬರಬೇಕಾದ ಪಾರಿಜಾತ ಕೆಂಗೇರಿ-ವೈಟ್‌ಫೀಲ್ಡ್ ನಡುವಿನದು, ಮಾಲೂರಿಗೆ ಬರೋದೇ ಇಲ್ಲ. ತುಮಕೂರು, ಬಿಡದಿಗೆ ಮೆಟ್ರೊ ಅನ್ನೋದೂ ಹಾಗೆ. ಇವತ್ತಿನ ವೇಳಾಪಟ್ಟಿಯಲ್ಲಿ ಇರೋ ಗಾಡಿಯನ್ನ ಮಾತ್ರ ನಂಬಿ.

ಎಂಎಸ್ ಬಿಲ್ಡಿಂಗ್:
ಮಾಲೂರು ಅಥವಾ ಬಂಗಾರಪೇಟೆ ಅಂತ ಮನಸ್ಸಾಗ್ತಿದೆ. ನೀರು ಹೇಗೆ?

ಬೌರಿಂಗ್‌ಪೇಟೆ:
ಮುಚ್ಚುಮರೆ ಇಲ್ಲದೆ ಹೇಳ್ತೀನಿ, ನಮ್ಮ ಜಿಲ್ಲೆಯ ದೊಡ್ಡ ಕೊರತೆ ಅದೇ. ವರ್ಷವಿಡೀ ಹರಿಯೋ ನದಿ ಇಲ್ಲ, ಕೊಳವೆಬಾವಿ ಆಳ, ನೀರು ಗಡಸು, ಹಲವು ಕಡೆ ಫ್ಲೋರೈಡ್. 2023ರಲ್ಲಿ ಯರಗೋಳ್ ಅಣೆಕಟ್ಟೆ ಉದ್ಘಾಟನೆ ಆಯಿತು, ಕೋಲಾರ, ಬಂಗಾರಪೇಟೆ, ಮಾಲೂರಿಗೆ ಕುಡಿಯೋ ನೀರಿಗೆ ಅಂತ. ಆದರೆ ಊರಿಗೆ ಬಂತು ಅಂದರೆ ನಿಮ್ಮ ಬೀದಿಗೆ ಬಂತು ಅಂತ ಅಲ್ಲ. ಮನೆ ನೋಡೋಕೆ ಹೋದಾಗ ಓನರ್ ಹತ್ರ ಕೇಳಬೇಡಿ, ಎದುರು ಮನೆಯವರ ಹತ್ರ ಕೇಳಿ: ಪುರಸಭೆ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು, ಏಪ್ರಿಲಲ್ಲಿ ಟ್ಯಾಂಕರ್ ತರಿಸಿದ್ರಾ. ಸಂಪು ಇಲ್ಲದ ಮನೆ ಬೇಡವೇ ಬೇಡ. ನೀರು ಬಿಡೋ ಹೊತ್ತಿಗೆ ನೀವಿಬ್ಬರೂ ರೈಲಲ್ಲಿ ಇರ್ತೀರಿ. ಸಂಪಿಗೆ ಫ್ಲೋಟ್ ವಾಲ್ವ್ ಇದೆಯಾ ಅಂತಲೂ ನೋಡಿ.

ಬಾಡಿಗೆಗೆ ಒಪ್ಪೋ ಮುಂಚೆ ಒಂದು ಬಾಟಲ್ ನೀರು ಪರೀಕ್ಷೆಗೆ ಕೊಡಿ. ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಪ್ರಮಾಣ) ಲೀಟರಿಗೆ 500 ಮಿ.ಗ್ರಾಂ ಒಳಗಿದ್ದರೆ ಚೆನ್ನ, ಬೇರೆ ಗತಿ ಇಲ್ಲದಿದ್ದರೆ 2000 ತನಕ ಕುಡಿಯಬಹುದು ಅಂತ ಬಿಐಎಸ್ ಮಾನದಂಡ. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, 1.5 ದಾಟಿದರೆ ಅಡಿಗೆಗೂ ಬೇಡ, ಮಕ್ಕಳ ಹಲ್ಲಿಗೆ ಕಲೆ ಬರುತ್ತೆ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಕುಡಿಯೋಕೆ ಬೀದಿಯ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರೋದು ನಮ್ಮಲ್ಲಿ ಮಾಮೂಲು.

ಮನೆಯವರು ಎರಡು ದಿನ ಮನೆಯಲ್ಲೇ ಕೆಲಸ ಮಾಡೋದಾದರೆ ಕರೆಂಟೂ ಕೇಳಿ. ಬೆಸ್ಕಾಂ ಕರೆಂಟು ಬರೋ ಲೈನು (ಫೀಡರ್) ಊರೊಳಗಿನದಾ, ಹಳ್ಳಿಯದಾ ಅನ್ನೋದರ ಮೇಲೆ ಹೋಗುತ್ತೆ. ಪುರಸಭೆ ಗಡಿ ದಾಟಿದ ಹೊಸ ಬಡಾವಣೆಗಳು ಎಷ್ಟೋ ಸಲ ಹಳ್ಳಿ ಫೀಡರಲ್ಲಿ ಇರ್ತವೆ. ರೂಟರಿಗೂ ಲ್ಯಾಪ್‌ಟಾಪಿಗೂ ಸಾಕಾಗೋ ಇನ್ವರ್ಟರ್ ಇರಲೇಬೇಕು.

ಪಹಣಿ ಪರಮೇಶಿ:
ಸೈಟಿನ ಮಾತು ಎತ್ತಿದ್ದೀರಿ, ಅದಕ್ಕೆ ನನ್ನದೊಂದಿಷ್ಟು. ಮೊದಲ ವರ್ಷ ಬಾಡಿಗೆಗೆ ಇರಿ, ಸೈಟು ಮುಟ್ಟಬೇಡಿ. ಒಂದು ಮಳೆಗಾಲ ಒಂದು ಬೇಸಿಗೆ ಕಳೆಯದೆ ಯಾವ ಬಡಾವಣೆ ನಿಲ್ಲುತ್ತೆ, ಯಾವುದು ಮುಳುಗುತ್ತೆ ಅಂತ ಗೊತ್ತಾಗಲ್ಲ.

ಚಿಕ್ಕ ಊರಲ್ಲಿ 'ಭೋಗ್ಯಕ್ಕೆ ಮನೆ' ಅಂತ ಬೋರ್ಡು ಕಾಣುತ್ತೆ. ಬಾಡಿಗೆ ಇಲ್ಲ, ಒಟ್ಟಿಗೆ ಐದಾರು ಲಕ್ಷ ಕೊಟ್ಟು ಬಿಡುವಾಗ ವಾಪಸ್. ಅಗ್ಗ ಅನ್ನಿಸುತ್ತೆ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಬ್ಯಾಂಕ್ ಹರಾಜಿಗೆ ಬಂದರೆ ನಿಮ್ಮ ಲಕ್ಷಗಳು ಸಾಲಿನಲ್ಲಿ ಹಿಂದೆ. ಬರೀ ಬಾಂಡ್ ಪೇಪರಲ್ಲಿ ಬರೆದದ್ದಕ್ಕೆ ಬೆಲೆಯಿಲ್ಲ, ಭೋಗ್ಯದ ಪತ್ರ ನೋಂದಣಿ ಆಗಲೇಬೇಕು. ಅದಕ್ಕೆ ಮುಂಚೆ ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆದು ಋಣಭಾರ ಇದೆಯಾ ಅಂತ ನೋಡಿ.

ಇನ್ನು ಸೈಟು. ಇಸಿ ಆನ್‌ಲೈನಲ್ಲಿ ಸಿಗೋದು 2004ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಿ, ಒಟ್ಟು 30 ವರ್ಷದ್ದು ತೆಗೆಸಿ. ಪಹಣಿಯ ಸರ್ವೆ ನಂಬರು, ಭೂಪರಿವರ್ತನೆ ಆದೇಶದ ಸರ್ವೆ ನಂಬರು, ಬಡಾವಣೆ ನಕ್ಷೆಯ ಸರ್ವೆ ನಂಬರು ಮೂರೂ ಒಂದೇ ಇರಬೇಕು. ನಕ್ಷೆಗೆ ಒಪ್ಪಿಗೆ ಕೊಟ್ಟಿರಬೇಕಾದ್ದು ಯೋಜನಾ ಪ್ರಾಧಿಕಾರ. 'ಪಂಚಾಯ್ತಿ ಅಪ್ರೂವ್ಡ್' ಅಂತ ಬೋರ್ಡ್ ಹಾಕಿದ್ದರೆ ಅದು ರೆವಿನ್ಯೂ ಸೈಟು, ಅಂದರೆ ಸರಿಯಾದ ಒಪ್ಪಿಗೆ ಇಲ್ಲದ ಸೈಟು ಅಂತಲೇ ಓದಿಕೊಳ್ಳಿ. ಪಂಚಾಯ್ತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9 ಮತ್ತು 11ಎ ಕೇಳಿ. ಬರೀ 11ಬಿ ತೋರಿಸಿದರೆ ಬ್ಯಾಂಕು ಸಾಲ ಕೊಡೋಕೆ ಹಿಂದೆ ಮುಂದೆ ನೋಡುತ್ತೆ, ನಾಳೆ ಮಾರೋವಾಗ ಕೊಳ್ಳೋನೂ ಹಾಗೇ.

ಎಲ್ಲಕ್ಕಿಂತ ಕೆಟ್ಟದ್ದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಆ ಮಾರಾಟ ಅನೂರ್ಜಿತ. ನಡುವೆ ಎಷ್ಟು ಕೈ ಬದಲಾದರೂ ಅಷ್ಟೆ. 2023ರ ತಿದ್ದುಪಡಿ ಅರ್ಜಿಗೆ ಕಾಲಮಿತಿ ಇಲ್ಲ ಅನ್ನುತ್ತೆ, ಎಷ್ಟೋ ವರ್ಷ ಆಗಿಹೋಯ್ತಲ್ಲ ಅನ್ನೋ ವಾದವನ್ನ ನೆಚ್ಚಿಕೊಳ್ಳಬೇಡಿ. ಕೋಲಾರ, ತುಮಕೂರು, ರಾಮನಗರ ಎಲ್ಲ ಕಡೆ ಇಂಥ ಸರ್ವೆ ನಂಬರ್ ಇವೆ. ತಾಲ್ಲೂಕು ಕಚೇರಿಯಲ್ಲಿ ಮೂಲ ಮಂಜೂರಾತಿ ದಾಖಲೆ ಕೇಳಿ ತೆಗೆಸಿ.

ಭೂಸ್ವಾಧೀನದ ಪಟ್ಟಿಯನ್ನೂ ನೋಡಿ. ಸ್ಯಾಟಲೈಟ್ ಟೌನ್ ರಿಂಗ್ ರೋಡ್, ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಅಧಿಸೂಚನೆ, ಬಿಡದಿ ಹೋಬಳಿಯ ಭೈರಮಂಗಲ, ಕಂಚುಗಾರನಹಳ್ಳಿ ಕಡೆ ಟೌನ್‌ಶಿಪ್. ಖರ್ಚಿನ ಲೆಕ್ಕಕ್ಕೆ: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2. ಮುದ್ರಾಂಕ ಶುಲ್ಕ, ಸೆಸ್ ಬೇರೆ.

ಎಂಎಸ್ ಬಿಲ್ಡಿಂಗ್:
ರಾಮನಗರ ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಅಂತ ಹೆಸರಾಗಿದೆಯಲ್ಲ, ಬೆಲೆ ಏರೋಕೆ ಮುಂಚೆ ಅಲ್ಲೇ ತಗೊಳ್ಳಿ ಅಂತ ಒಬ್ಬರು ಗಂಟುಬಿದ್ದಿದ್ದಾರೆ.

ಪಹಣಿ ಪರಮೇಶಿ:
2025ರಲ್ಲಿ ಹೆಸರು ಬದಲಾಯ್ತು ನಿಜ. ಹೆಸರು ಬದಲಾದ್ದಕ್ಕೆ ಗಾಡಿ ಹತ್ತು ನಿಮಿಷ ಬೇಗ ಬರ್ತಿದೆಯಾ ಅಂತ ಅವರನ್ನೇ ಕೇಳಿ.

ತಟ್ಟೆ ಇಡ್ಲಿ ತುಮಕೂರು:
ಒಂದು ಪ್ರಶ್ನೆ. ಊರು ಬಿಡೋದೇ ಯಾಕೆ? ಅದೇ 12 ಸಾವಿರಕ್ಕೆ ಕಾಡುಗೋಡಿಯಿಂದ ಆಚೆ ಸಣ್ಣ ಮನೆ ಸಿಗಲ್ವಾ? ದಿನಕ್ಕೆ ಮೂರು ಗಂಟೆ ರೈಲಲ್ಲಿ ಕಳೆಯೋದು ತಿಂಗಳಿಗೆ 66 ಗಂಟೆ ಆಯ್ತು.

ಲೇಡೀಸ್ ಬೋಗಿ:
ಸರಿಯಾದ ಪ್ರಶ್ನೆ. ಒಂದು ಬೆಡ್‌ರೂಮಿಗೆ ಒಪ್ಪೋದಾದರೆ ಮೊದಲು ದೇವನಗೊಂದಿ, ಕಾಡುಗೋಡಿ ಹೊರವಲಯ ನೋಡಿ. ಎರಡು ಬೆಡ್‌ರೂಮು, ಜೊತೆಗೆ ಅಜ್ಜಿ ಬಂದಿರ್ತಾರೆ ಅಂದರೆ ಆಗ ಮಾಲೂರು. ಬಾಡಿಗೆಯ ಉಳಿತಾಯದಿಂದ ಡೇ ಕೇರ್, ನೀರಿನ ಕ್ಯಾನ್, ನಿಲ್ದಾಣದ ಬೈಕ್ ಪಾರ್ಕಿಂಗ್, ತಪ್ಪಿದ ಗಾಡಿಯ ದಿನದ ಕ್ಯಾಬ್ ಎಲ್ಲ ಕಳೀರಿ. ತಿಂಗಳಿಗೆ ಮೂರು ಸಾವಿರಕ್ಕಿಂತ ಕಡಿಮೆ ಉಳಿದರೆ ಆ ದೂರ ದಂಡ.

ಎಂಎಸ್ ಬಿಲ್ಡಿಂಗ್:
ಅಮ್ಮ ಜೊತೆಗಿರ್ತಾರೆ. ಹಾಗಾದರೆ ಮಾಲೂರು ನೋಡಿಕೊಂಡು ಬರ್ತೀವಿ. ಭಾನುವಾರ ಹೋಗೋಣ ಅಂತಿದ್ದೀವಿ.

ಔಟರ್ ಸಿಗ್ನಲ್:
ಭಾನುವಾರ ಬೇಡ. ಸೋಮವಾರ ರಜೆ ಹಾಕಿ, ಬೆಳಗ್ಗೆ ಏಳಕ್ಕೆ ಮಾಲೂರು ಪ್ಲಾಟ್‌ಫಾರ್ಮಲ್ಲಿ ಇರಿ, ಜನದ ಜೊತೆ ಹತ್ತಿ ಆಫೀಸಿನ ಬಾಗಿಲ ತನಕ ಹೋಗಿ ನೋಡಿ. ಸಂಜೆ ಅದೇ ರೀತಿ ವಾಪಸ್. ಕಂಟೋನ್ಮೆಂಟಿಗೆ ಮುಂಚೆ ಗಾಡಿಯನ್ನ ಔಟರಲ್ಲಿ (ನಿಲ್ದಾಣದ ಹೊರಗಿನ ಸಿಗ್ನಲಲ್ಲಿ) ಎಷ್ಟು ಹೊತ್ತು ನಿಲ್ಲಿಸ್ತಾರೆ ಅಂತ ಗಡಿಯಾರ ನೋಡಿಕೊಳ್ಳಿ. ತೀರಾ ತಡ ಆಗ್ತಿದ್ದರೆ ನೀವೂ ವೈಟ್‌ಫೀಲ್ಡಲ್ಲೇ ಇಳಿದು ಮೆಟ್ರೊದಲ್ಲಿ ವಿಧಾನಸೌಧಕ್ಕೆ ಹೋಗಬಹುದು, 50 ನಿಮಿಷದ ಸುಮಾರು. ದುಡ್ಡು ಜಾಸ್ತಿ, ಹೊತ್ತು ಮಾತ್ರ ಗ್ಯಾರಂಟಿ.

ಬೌರಿಂಗ್‌ಪೇಟೆ:
ಮನೆಗೂ ನಿಲ್ದಾಣಕ್ಕೂ ನಡುವೆ ರೈಲ್ವೆ ಗೇಟ್ ಬರುತ್ತಾ ಅಂತಾನೂ ನೋಡಿ. ಬರೋದಾದರೆ ಆ ಮನೆ ಬಿಡಿ. ನೀವು ಹತ್ತಬೇಕಾದ ಗಾಡಿಗೇ ಗೇಟ್ ಹಾಕಿರ್ತಾರೆ, ನೀವು ಈಚೆ ಬೈಕ್ ಮೇಲೆ ಕೂತಿರ್ತೀರಿ.